ರಾಕುಗೊ ಆಡುತ್ತಾ ಜಪಾನಿ ಕಲಿಯಬಹುದೇ?

ಪ್ರಶ್ನೆ: ನಾವು ನಾಲ್ವರು ಒಟ್ಟಿಗೆ ಜಪಾನಿ ಕಲಿಯುತ್ತಿದ್ದೇವೆ. ಎನ್5 ಮಟ್ಟದ (ಜಪಾನಿ ಪರೀಕ್ಷೆಯ ಮೊದಲ ಮೆಟ್ಟಿಲು) ಪಾಠ ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ಬಾಯಿ ಕಟ್ಟುತ್ತದೆ. ಜಪಾನಿನ ಹಾಸ್ಯ ಕಥನಕಲೆ ರಾಕುಗೊದಿಂದ ಉಪಯೋಗ ಆದೀತೇ?

ಉತ್ತರ: ಆಗುತ್ತದೆ, ದೊಡ್ಡ ಕಥೆಗೆ ಕೈ ಹಾಕದಿದ್ದರೆ. ರಾಕುಗೊದಲ್ಲಿ ಒಬ್ಬನೇ ಕಲಾವಿದ ಮೆತ್ತೆಯ ಮೇಲೆ ಮಂಡಿ ಮಡಚಿ ಕೂತು, ಒಂದು ಬೀಸಣಿಗೆ, ಒಂದು ಕೈವಸ್ತ್ರ ಇಟ್ಟುಕೊಂಡು ಎಲ್ಲ ಪಾತ್ರಗಳನ್ನೂ ತಾನೇ ಆಡುತ್ತಾನೆ. ಹಳೆಯ ಕಥೆಗಳಲ್ಲಿ ಎಡೊ (ಇಂದಿನ ಟೋಕಿಯೊ) ಪೇಟೆಯ ಆಡುಮಾತು ಜಾಸ್ತಿ. ‘ಇಲ್ಲ’ ಎನ್ನುವ ‘ನಯ್’ ಅಲ್ಲಿ ‘ನೇ’ ಆಗುತ್ತದೆ. ಅದನ್ನೇ ಕಲಿತು ಆಫೀಸಿನಲ್ಲಿ ಆಡಿದರೆ ಒರಟಾಗಿ ಕೇಳುತ್ತದೆ. ನಿಮಗೆ ಬೇಕಾದದ್ದು ಕೊಬನಶಿ, ಅಂದರೆ ಎರಡು ಮೂರು ಸಾಲಿನ ಚುಟುಕು.

ಎಲ್ಲರಿಗೂ ಗೊತ್ತಿರುವ ಒಂದು ಇಲ್ಲಿದೆ:

“ತೊನರಿ ನೊ ಅಕಿಚಿ ನಿ ಕಕೊಇ ಗ ದೆಕಿತತ್ತೆ ನೆ.”
“ಹೇ.”

ಪಕ್ಕದ ಖಾಲಿ ಸೈಟಿಗೆ ಬೇಲಿ ಆಯ್ತಂತೆ ಅನ್ನುತ್ತಾನೆ ಒಬ್ಬ. ಇನ್ನೊಬ್ಬ ‘ಹೌದಾ’ ಅನ್ನುವ ಹಾಗೆ ‘ಹೇ’ ಅನ್ನುತ್ತಾನೆ. ಗೋಡೆ, ಬೇಲಿಗೂ ‘ಹೇ’ ಎಂದೇ ಉಚ್ಚಾರ. ನಗು ಇರುವುದು ಅಷ್ಟರಲ್ಲೇ. ಕನ್ನಡದವರಿಗೆ ಇಲ್ಲಿ ಒಂದು ಲಾಭವಿದೆ: ‘ದೆಕಿತತ್ತೆ’ಯ ‘ತ್ತೆ’ ನಮ್ಮ ‘ಆಯ್ತಂತೆ’ಯ ‘ಅಂತೆ’ ಮಾಡುವ ಕೆಲಸವನ್ನೇ ಮಾಡುತ್ತದೆ, ಅದೂ ನಮ್ಮ ಹಾಗೆಯೇ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು. ಇಂಗ್ಲಿಷಿಗೆ ತಿರುಗಿಸಿ ನೋಡುವ ಅಭ್ಯಾಸ ಬಿಟ್ಟರೆ ಸಾಕು.

ವೃತ್ತಿಯವರ ಹಳೆಯ ಪದ್ಧತಿಯಲ್ಲಿ ಗುರು ಕಥೆಯನ್ನು ಮೂರು ಸಲ ಹೇಳುತ್ತಾನೆ, ಶಿಷ್ಯ ಬರೆದುಕೊಳ್ಳದೆ ಕೇಳಿ ತಿರುಗಿ ಹೇಳಬೇಕು. ನೀವೂ ಹಾಗೇ ಮಾಡಿ. ಒಬ್ಬರು ಮೂರು ಸಲ ಹೇಳಲಿ, ಮೂವರು ಪುಸ್ತಕ ಮುಚ್ಚಿ ಕೇಳಲಿ. ಆಮೇಲೆ ಇಬ್ಬಿಬ್ಬರಾಗಿ ಒಂದೊಂದು ಪಾತ್ರ, ಕೊನೆಗೆ ಒಬ್ಬರೇ ಎರಡೂ ಪಾತ್ರ. ಆಗ ಮುಖ ತಿರುಗಿಸುವ ನಿಯಮ ಬೇಕಾಗುತ್ತದೆ: ಮನೆಯ ಹಿರಿಯನಾಗಿ ಮಾತಾಡುವಾಗ ನಿಮ್ಮ ಬಲಕ್ಕೆ, ಬಂದ ಅತಿಥಿಯಾಗಿ ಮಾತಾಡುವಾಗ ಎಡಕ್ಕೆ. ಸ್ವಲ್ಪ ತಿರುಗಿದರೆ ಸಾಕು. ಪೂರ್ತಿ ತಿರುಗಿದರೆ ನೋಡುವವರಿಗೆ ಕಿವಿ ಮಾತ್ರ ಕಾಣುತ್ತದೆ. ದೇಹವನ್ನೇ ತಿರುಗಿಸುವುದು ಹೊಸಬರ ಸಾಮಾನ್ಯ ತಪ್ಪು. ಚಾಪ್‌ಸ್ಟಿಕ್ ಬೇಕಾದಾಗ ಮಡಚಿದ ಬೀಸಣಿಗೆ ಸಾಕು, ಕಿಮೊನೊ ಖರ್ಚು ಬೇಡ.

ಕೆಡುವುದು ಹೆಚ್ಚಾಗಿ ಸ್ವರದ ಉದ್ದದಲ್ಲಿ. ಇನ್ನೊಂದು ಕೊಬನಶಿ: “ಹತೊ ಗ ನನಿಕ ಒತೊಶಿತ ಯೊ.” ಪಾರಿವಾಳ ಏನೋ ಬೀಳಿಸಿತು. “ಫೂನ್.” ‘ಓಹೋ’ ಅನ್ನುವ ಉದ್ಗಾರ ಅದು, ಮೊಟಕಾಗಿ ‘ಫುನ್’ ಅಂದರೆ ಹಿಕ್ಕೆ. ‘ಫೂನ್’ ಅನ್ನು ಎಳೆಯದೆ ಕಡಿದರೆ ಉದ್ಗಾರ ಮಾಯವಾಗಿ ಬರೀ ಹಿಕ್ಕೆ ಉಳಿಯುತ್ತದೆ, ಯಾರೂ ನಗುವುದಿಲ್ಲ. ಆಗ ಮೂವರೂ ಸೇರಿ ಎಲ್ಲಿ ತಪ್ಪಿತು ಎಂದು ಹುಡುಕಬೇಕು. ತಿದ್ದುವ ಕೆಲಸ ನಗುವಿನದೇ, ಹಾಗಾಗಿ ಮೇಷ್ಟ್ರು ಬೇಕೇ ಬೇಕೆಂದಿಲ್ಲ. ಆದರೆ ‘ಒಚಿ’, ಅಂದರೆ ಕೊನೆಯ ಹೊಡೆತ ಹೇಳುವ ಮುಂಚೆ ಅರ್ಥ ಬಿಡಿಸಬೇಡಿ. ಹೊಸ ಪದಗಳನ್ನು ಮೊದಲೇ ಬೇರೆ ವಾಕ್ಯದಲ್ಲಿ ಕಲಿತಿರಿ. ಒಚಿಗೆ ಮೊದಲು ಅರೆಗಳಿಗೆ ನಿಲ್ಲಿ, ಆತುರದಲ್ಲಿ ನುಂಗಿದರೆ ಎಲ್ಲ ಹೋಯಿತು.

‘ಫ’ ಬಗ್ಗೆಯೂ ಎಚ್ಚರ: ‘ಫಲ’ದ ಮಹಾಪ್ರಾಣ ಅಲ್ಲ, ಹಲ್ಲು ತಾಗಿಸುವ ‘ಫೋನ್’ ಅಲ್ಲ. ಎರಡೂ ತುಟಿಗಳ ನಡುವೆ ಮೆಲ್ಲಗೆ ಊದಬೇಕು. ಒತ್ತಕ್ಷರದ ಅಭ್ಯಾಸಕ್ಕೆ ‘ಫುತೊನ್ ಗ ಫುತ್ತೊಂದ’ (ಹಾಸಿಗೆ ಹಾರಿಹೋಯಿತು) ಸಾಕು. ‘ಕತ್ತೆ’, ‘ಕತೆ’ ಬೇರೆ ಮಾಡಿ ಆಡುವ ನಾಲಿಗೆಗೆ ಇದೇನೂ ಕಷ್ಟವಲ್ಲ, ರೋಮನ್ ಲಿಪಿ ಓದಿ ಕಲಿತಿದ್ದರೆ ಮಾತ್ರ ತೊಡರುತ್ತದೆ.

ಉದ್ದನೆಯ ಹೆಸರಿನ ಹುಡುಗನ ‘ಜುಗೆಮು’ ಕಥೆ ಕಲಿಯುವ ಆಸೆ ಸಹಜ. ಉಸಿರಿನ ಕಸರತ್ತಿಗೆ ಒಳ್ಳೆಯದು, ನಾಲ್ವರು ಒಂದೊಂದು ತುಂಡು ಹಂಚಿಕೊಂಡು ಆಡಿ. ಆ ಹೆಸರಿನಿಂದ ವ್ಯಾಕರಣ ಮಾತ್ರ ಏನೂ ಸಿಗದು.