ಅಥೆನ್ಸಿನಲ್ಲಿ ಓಟಿಗಿಂತ ಚೀಟಿಗೇ ಬೆಲೆ ಜಾಸ್ತಿ

ಪಿಯುಸಿ ಮಕ್ಕಳಿಗೆ ಗ್ರೀಕ್ ನಗರ ರಾಜ್ಯಗಳ ಪಾಠ ಶುರು ಮಾಡುವ ದಿನ ನಾನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತೇನೆ. ಪ್ರಜಾಪ್ರಭುತ್ವ ಅಂದರೆ ಏನು? ಇಡೀ ಕ್ಲಾಸು ಒಂದೇ ದನಿಯಲ್ಲಿ "ಎಲೆಕ್ಷನ್ ಮೇಡಂ" ಅನ್ನುತ್ತದೆ. ಆಮೇಲೆ ನಾನು ಹೇಳುತ್ತೇನೆ, ಈ ಮಾತು ಅಥೆನ್ಸಿನವನ ಮುಂದೆ ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ. ಚುನಾವಣೆಯಲ್ಲಿ ಗೆಲ್ಲುವವರು ಯಾರು? ದುಡ್ಡಿದ್ದವರು, ದೊಡ್ಡ ಮನೆತನದವರು, ಮಾತಿನಲ್ಲಿ ಗಟ್ಟಿ ಇರುವವರು. ಹಾಗಾಗಿ ಚುನಾವಣೆ ಅನ್ನುವುದು ಕೆಲವರ ಆಡಳಿತದ ಲಕ್ಷಣ, ಚೀಟಿ ಎತ್ತುವುದು ಜನರ ಆಡಳಿತದ ಲಕ್ಷಣ ಅಂತ ಅಲ್ಲಿ ತಿಳಿದಿದ್ದರು. ಅರಿಸ್ಟಾಟಲ್ ಕೂಡ ಇದನ್ನೇ ಬರೆದಿದ್ದಾನೆ.

ನಮ್ಮಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮ ಸಮ ಓಟು ಬಿದ್ದಾಗ ಮಾತ್ರ ಚೀಟಿ ಎತ್ತುತ್ತೇವೆ, ಅಲ್ವಾ? ಬೇರೆ ದಾರಿ ಇಲ್ಲದಾಗ ಹಿಡಿಯುವ ದಾರಿ ಅದು. ಅಲ್ಲಿ ಅದೇ ಹೆದ್ದಾರಿ.

ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಅನ್ನುವವನು ಅಥೆನ್ಸಿನ ಜನರನ್ನು ಹೊಸದಾಗಿ ಹತ್ತು ಪಂಗಡಗಳಾಗಿ ಹಂಚಿದ. ಹಳೆಯ ಕುಲ, ಮನೆತನಗಳ ಹಿಡಿತ ತಪ್ಪಿಸುವುದಕ್ಕೆ ಅವನು ಕರಾವಳಿಯ ಊರು, ಒಳನಾಡಿನ ಊರು, ಪಟ್ಟಣದ ಕೇರಿ ಮೂರನ್ನೂ ಸೇರಿಸಿ ಒಂದೊಂದು ಪಂಗಡ ಕಟ್ಟಿದ. ಒಂದೊಂದರಿಂದ 50 ಜನರಂತೆ 500 ಜನರ ಸಭೆ. ನಾಗರಿಕರೆಲ್ಲ ಸೇರುವ ಜನಸಭೆಯ ಮುಂದೆ ಯಾವ ವಿಷಯ ಬರಬೇಕು ಅಂತ ಮೊದಲು ನೋಡುತ್ತಿದ್ದವರು ಇವರೇ. 30 ವರ್ಷ ದಾಟಿದ ನಾಗರಿಕರ ಹೆಸರು ಊರೂರಿನಿಂದ ಚೀಟಿಯಲ್ಲಿ ಬರುತ್ತಿತ್ತು, ಒಂದು ವರ್ಷ ಕೆಲಸ, ಜೀವಮಾನದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಇಲ್ಲ. ಒಂದೊಂದು ಪಂಗಡದ 50 ಜನ ವರ್ಷದ ಹತ್ತನೇ ಒಂದು ಭಾಗ ಸರದಿಯಲ್ಲಿ ಕೂರುತ್ತಿದ್ದರು. ಅವರಲ್ಲೂ ದಿನಕ್ಕೊಬ್ಬನನ್ನು ಚೀಟಿಯಿಂದ ಅಧ್ಯಕ್ಷ ಮಾಡುತ್ತಿದ್ದರು. ಒಂದು ರಾತ್ರಿ, ಒಂದು ಹಗಲು. ಆ ಹೊತ್ತಿನಲ್ಲಿ ಖಜಾನೆ ಇದ್ದ ದೇವಾಲಯಗಳ ಬೀಗದ ಕೈ ಮತ್ತು ರಾಜ್ಯದ ಮುದ್ರೆ ಅವನ ಕೈಯಲ್ಲಿ. ಮರುದಿನ ಅವನು ಮತ್ತೆ ಸಾಮಾನ್ಯ ಮನುಷ್ಯ, ಆ ಜಾಗಕ್ಕೆ ಮತ್ತೆಂದೂ ಬರುವಂತಿಲ್ಲ. ಇಷ್ಟು ಸರದಿ ತಿರುಗಿದರೆ ಯಾವ ಊರಿನಲ್ಲಾದರೂ ಸರ್ಕಾರದ ಕೆಲಸ ಒಳಗಿನಿಂದ ಕಂಡವರು ಬೀದಿಗೆ ನಾಲ್ಕು ಜನ ಇದ್ದೇ ಇರುತ್ತಾರೆ.

ನನಗೆ ತುಂಬಾ ಇಷ್ಟವಾಗುವುದು ನ್ಯಾಯಾಲಯದ ಬೆಳಗ್ಗೆ. ಅದನ್ನು ನಾನು ಕ್ಲಾಸಿನಲ್ಲಿ ಮಾಡಿಯೇ ತೋರಿಸುತ್ತೇನೆ.

ಆ ವಿವರ ನಮಗೆ ಸಿಗುವುದು ಅರಿಸ್ಟಾಟಲನ ಶಾಲೆಯಿಂದ ಬಂದ, ಅಥೆನ್ಸಿನ ಆಡಳಿತದ ಬಗ್ಗೆ ಇರುವ ಒಂದು ಬರಹದಲ್ಲಿ. ಈಜಿಪ್ಟಿನಲ್ಲಿ ಪಪೈರಸ್ ಸುರುಳಿಗಳ ಮೇಲೆ ಸಿಕ್ಕಿದ್ದ ಅದು ಅಚ್ಚಾಗಿದ್ದು 1891ರಲ್ಲಿ. ಅದು ಹೇಳುವುದು ಕ್ರಿ.ಪೂ. ನಾಲ್ಕನೇ ಶತಮಾನದ ಪದ್ಧತಿ. ತೀರ್ಪುಗಾರನಾಗಿ ಕೂರಲು ಬೆಳಗ್ಗೆ ಬಂದ ಪ್ರತಿಯೊಬ್ಬ ನಾಗರಿಕನ ಹತ್ತಿರವೂ ಒಂದು ಸಣ್ಣ ಪಟ್ಟಿ ಇರುತ್ತಿತ್ತು, ಮರದ್ದೋ ಕಂಚಿನದ್ದೋ, ಅದರ ಮೇಲೆ ಅವನ ಹೆಸರು, ಅಪ್ಪನ ಹೆಸರು, ಊರು. ನಮ್ಮ ಗುರುತಿನ ಚೀಟಿ ಇದ್ದ ಹಾಗೆ. ಎದುರಿಗೆ ಆಳೆತ್ತರದ ಒಂದು ಹಲಗೆ, ಅದರ ತುಂಬ ಪಟ್ಟಿ ತೂರಿಸುವಷ್ಟು ಸಣ್ಣ ಸೀಳುಗಳು, ಸಾಲು ಸಾಲಾಗಿ. ಇದಕ್ಕೆ ಕ್ಲೆರೊಟೆರಿಯೋನ್ ಅಂತ ಹೆಸರು. ಅಥೆನ್ಸಿನ ಅಗೋರಾ ಮ್ಯೂಸಿಯಮ್ಮಿನಲ್ಲಿ ಕಲ್ಲಿನ ಇಂಥದ್ದೊಂದು ತುಂಡು ಈಗಲೂ ಇದೆ. ಪಟ್ಟಿಗಳನ್ನೆಲ್ಲ ಸೀಳುಗಳಲ್ಲಿ ಸಿಕ್ಕಿಸಿದ ಮೇಲೆ ಪಕ್ಕದ ಕೊಳವೆಯೊಳಗೆ ಕಪ್ಪು ಬಿಳಿ ದಾಳಗಳನ್ನು ಬೆರೆಸಿ ಸುರಿಯುತ್ತಿದ್ದರು. ಒಂದೊಂದಾಗಿ ಕೆಳಗೆ ಬಿಡಬೇಕು. ಬಿಳಿ ಬಂತೋ, ಆ ಅಡ್ಡಸಾಲಿನವರೆಲ್ಲ ಇವತ್ತು ತೀರ್ಪುಗಾರರು. ಕಪ್ಪು ಬಂತೋ, ಪಟ್ಟಿ ವಾಪಸ್ ತಗೊಂಡು ಮನೆಗೆ.

ಅಲ್ಲಿಗೇ ಮುಗಿಯಲಿಲ್ಲ. ಆಯ್ಕೆಯಾದವನು ಇನ್ನೊಂದು ಕಡೆ ಕೈ ಹಾಕಿ ಓಕ್ ಕಾಯಿಯ ಆಕಾರದ ಒಂದು ಗುರುತು ಎತ್ತಬೇಕು. ಅದರ ಮೇಲಿನ ಅಕ್ಷರ ಯಾವುದೋ ಅದೇ ಅವನ ನ್ಯಾಯಾಲಯ. ಕೈಗೊಂದು ಬಣ್ಣದ ಕೋಲು ಕೊಡುತ್ತಿದ್ದರು, ಬಾಗಿಲಿನ ತೊಲೆಗೂ ಅದೇ ಬಣ್ಣ, ತಪ್ಪಿ ಬೇರೆ ಕಡೆ ನುಗ್ಗುವ ಹಾಗಿಲ್ಲ. ಇಷ್ಟೆಲ್ಲ ಯಾಕೆ? ಲಂಚ. ಯಾರು ಯಾವ ಕೇಸಿಗೆ ಕೂರುತ್ತಾರೆ ಅಂತ ಬೆಳಗಿನವರೆಗೂ ಯಾರಿಗೂ ಗೊತ್ತಾಗಬಾರದು. ತೀರ್ಪುಗಾರರಿಗೆ ಮೊದಲು ಲಂಚ ಕೊಟ್ಟವನು ಅನಿಟಸ್ ಅಂತ ಅದೇ ಬರಹ ಹೇಳುತ್ತದೆ. ಮುಂದೆ ಸಾಕ್ರಟೀಸನ ಮೇಲೆ ದೂರು ಕೊಟ್ಟವರಲ್ಲಿ ಅವನೂ ಒಬ್ಬ.

ಓಟು ಹಾಕುವುದಕ್ಕೆ ಪ್ರತಿಯೊಬ್ಬರಿಗೂ ಎರಡು ಕಂಚಿನ ಬಿಲ್ಲೆ. ಬುಗುರಿಯ ಹಾಗೆ ನಡುವೆ ಒಂದು ಕಡ್ಡಿ. ಒಂದರ ಕಡ್ಡಿ ಟೊಳ್ಳು, ಅದು ದೂರು ಕೊಟ್ಟವನ ಪರ. ಇನ್ನೊಂದರದು ಗಟ್ಟಿ, ಅದು ಆರೋಪಿಯ ಪರ. ಹೆಬ್ಬೆರಳು ಮತ್ತು ಇನ್ನೊಂದು ಬೆರಳಿನ ನಡುವೆ ಕಡ್ಡಿಯ ತುದಿ ಮುಚ್ಚಿ ಹಿಡಿದು ಪಾತ್ರೆಗೆ ಹಾಕಿದರೆ, ಪಕ್ಕದಲ್ಲಿ ನಿಂತವನಿಗೂ ಯಾವುದು ಅಂತ ಕಾಣುವುದಿಲ್ಲ. ಅಷ್ಟು ಸುಲಭದ ಗುಟ್ಟು. ಹೊರಗೆ ಬರುವಾಗ ದಿನದ ಭತ್ಯೆ ಮೂರು ಒಬೋಲ್, ಅಂದರೆ ಅಲ್ಲಿನ ಮೂರು ಸಣ್ಣ ನಾಣ್ಯ. ಇದು ಜಾಸ್ತಿಯೇನಲ್ಲ. ಕ್ರಿ.ಪೂ. ಐದನೇ ಶತಮಾನದ ಕೊನೆಗೇ ಕಟ್ಟಡದ ಕೆಲಸಗಾರನಿಗೆ ದಿನಕ್ಕೆ ಆರು ಒಬೋಲ್ ಸಿಗುತ್ತಿತ್ತು. ಆದರೂ ಬಡವನಿಗೆ, ಮುದುಕನಿಗೆ ಬಂದು ಕೂರುವುದಕ್ಕೆ ಅದೊಂದು ಆಸರೆ. ಈ ಭತ್ಯೆ ಶುರು ಮಾಡಿಸಿದವನು ಅಥೆನ್ಸಿನ ದೊಡ್ಡ ನಾಯಕ ಪೆರಿಕ್ಲಿಸ್.

ನನ್ನ ಕ್ಲಾಸಿನ ಹಲಗೆ ರಟ್ಟಿನದು, ದಾಳದ ಬದಲು ಗೋಲಿ. ಗೋಲಿ ಬಿಟ್ಟಾಗ ವರ್ಷವಿಡೀ ಬಾಯಿ ಬಿಡದೆ ಕೊನೆ ಬೆಂಚಿನಲ್ಲಿ ಕೂರುವ ಮಕ್ಕಳ ಹೆಸರೂ ಬರುತ್ತದೆ. ಹಾಗೆ ಬಂದ ಒಂದು ಹುಡುಗಿ ಒಮ್ಮೆ ಎದ್ದು ಬಂದು, "ನಾನು ಏನು ಹೇಳಲಿ ಮೇಡಂ, ನಂಗೇನೂ ಗೊತ್ತಿಲ್ವಲ್ಲ" ಅಂದಳು. ಅಥೆನ್ಸಿನ ಪದ್ಧತಿಯನ್ನು ಟೀಕಿಸಿದವರೂ ಕೇಳಿದ್ದು ಇದನ್ನೇ. ಹಡಗು ನಡೆಸುವವನನ್ನು ಚೀಟಿ ಎತ್ತಿ ಆರಿಸುತ್ತೀರಾ ಅಂತ ಸಾಕ್ರಟೀಸ್ ಕೇಳುತ್ತಿದ್ದನಂತೆ. ಅಥೆನ್ಸಿನವರಿಗೂ ಆ ಅಳುಕು ಇತ್ತು. ಅದಕ್ಕೇ ಯುದ್ಧ ನಡೆಸುವ ಹತ್ತು ದಂಡನಾಯಕರನ್ನು ಮಾತ್ರ ಕೈ ಎತ್ತಿ ಆರಿಸುತ್ತಿದ್ದರು, ಎಷ್ಟು ಸಲ ಬೇಕಾದರೂ. ಪೆರಿಕ್ಲಿಸ್ ಸತತವಾಗಿ 15 ವರ್ಷ ಆ ಜಾಗದಲ್ಲಿದ್ದ. ಚೀಟಿಯಿಂದ ಬಂದ ಅಧಿಕಾರಿಗಳನ್ನೂ ಸುಮ್ನೆ ಬಿಡುತ್ತಿರಲಿಲ್ಲ. ಕೆಲಸಕ್ಕೆ ಮೊದಲು ವಿಚಾರಣೆ, ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಒಂಟಿಯಾಗಿ ಬಿಡದೆ ಸಾಮಾನ್ಯವಾಗಿ ಹತ್ತು ಜನರ ಗುಂಪಿನಲ್ಲಿ ಕೂರಿಸುತ್ತಿದ್ದರು.

ಆ ಸಾಕ್ರಟೀಸನೂ ಒಮ್ಮೆ ಚೀಟಿಯಿಂದಲೇ 500ರ ಸಭೆಗೆ ಬಂದಿದ್ದ. ಕ್ರಿ.ಪೂ. 406ರಲ್ಲಿ ಅರ್ಗಿನುಸೆ ಅನ್ನುವಲ್ಲಿ ಅಥೆನ್ಸಿನ ಹಡಗುಪಡೆ ಗೆದ್ದಿತು, ಆದರೆ ಬಿರುಗಾಳಿ ಎದ್ದು ಮುಳುಗುತ್ತಿದ್ದ ತಮ್ಮವರನ್ನು ಎತ್ತಿಕೊಳ್ಳಲು ಆಗಲಿಲ್ಲ. ಕೆರಳಿದ ಜನ ದಂಡನಾಯಕರನ್ನೆಲ್ಲ ಒಟ್ಟಿಗೆ, ಒಂದೇ ಓಟಿನಲ್ಲಿ ಶಿಕ್ಷಿಸಬೇಕು ಅಂತ ಕೂಗಿದರು. ಇದು ಕಾನೂನಿಗೆ ವಿರುದ್ಧ. ಅವತ್ತು ಸರದಿಯಲ್ಲಿ ಕೂತಿದ್ದವರು ಹೆದರಿ ಒಪ್ಪಿಬಿಟ್ಟರು, ಸಾಕ್ರಟೀಸ್ ಒಬ್ಬನೇ ಒಪ್ಪಲಿಲ್ಲ. ಆದರೂ ಓಟು ನಡೆಯಿತು, ಊರಲ್ಲಿದ್ದ ಆರು ಜನರನ್ನು ಕೊಂದರು, ಆಮೇಲೆ ಪಶ್ಚಾತ್ತಾಪ ಪಟ್ಟರು. ಈ ಕತೆ ಹೇಳುವಾಗ ನನಗೆ ಪ್ರತಿಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಬ್ಬೊಬ್ಬನಾಗಿ ಗುಟ್ಟಿನ ಬಿಲ್ಲೆ ಹಾಕುವವನಿಗೂ ಸಾವಿರಾರು ಜನರ ಗದ್ದಲದ ನಡುವೆ ನಿಂತವನಿಗೂ ತುಂಬ ವ್ಯತ್ಯಾಸ ಇದೆ.

ಇನ್ನೊಂದು ಮಾತು ಮುಚ್ಚಿಡಬಾರದು. ನಾಗರಿಕ ಅಂದರೆ ವಯಸ್ಸಿಗೆ ಬಂದ ಗಂಡಸು ಮಾತ್ರ. ಹೆಂಗಸರು ಇಲ್ಲ, ಗುಲಾಮರು ಇಲ್ಲ, ತಲೆಮಾರುಗಳಿಂದ ಅಲ್ಲೇ ಬಾಳಿದ ಹೊರ ಊರಿನ ವಂಶದವರೂ ಇಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸನೇ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿರಬೇಕು ಅಂತ ಬಾಗಿಲನ್ನು ಇನ್ನೂ ಕಿರಿದು ಮಾಡಿದ. ನನ್ನ ಕ್ಲಾಸಿನಲ್ಲಿ ಗೋಲಿ ಆಟ ಮುಗಿದ ಮೇಲೆ ಹೆಣ್ಣುಮಕ್ಕಳ ಪಟ್ಟಿಗಳನ್ನೆಲ್ಲ ನಾನೇ ಹಲಗೆಯಿಂದ ಕಿತ್ತು ಮೇಜಿನ ಮೇಲೆ ಇಡುತ್ತೇನೆ. ಖಾಲಿ ಸೀಳುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ.

ಅಥೆನ್ಸಿನ ಸಮಾಧಿಗಳಲ್ಲಿ ಆ ಕಂಚಿನ ಪಟ್ಟಿಗಳು ಸಿಕ್ಕಿವೆ. ಕೆಲವದರಲ್ಲಿ ಹಳೆಯ ಹೆಸರು ತಟ್ಟಿ ಅಳಿಸಿ ಅದರ ಮೇಲೆ ಹೊಸ ಹೆಸರು ಕೆತ್ತಿದ್ದಾರೆ, ಅಂದರೆ ಒಂದೇ ಪಟ್ಟಿ ಒಬ್ಬನಿಂದ ಇನ್ನೊಬ್ಬನಿಗೆ ಹೋಗಿದೆ. ಕೊನೆಯವನು ಸತ್ತಾಗ ಮನೆಯವರು ಅದನ್ನು ಅವನ ಜೊತೆಯಲ್ಲೇ ಮಣ್ಣಿಗಿಟ್ಟಿದ್ದಾರೆ.