ಬೇರಿನ ಗಂಟಿನೊಳಗಿನ ಕಾರ್ಖಾನೆ

ಜೈವಿಕ ತಂತ್ರಜ್ಞಾನ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಬಿಳಿ ನಿಲುವಂಗಿ, ಗಾಜಿನ ಕಟ್ಟಡ ಮತ್ತು ಕುಲಾಂತರಿ ಬೀಜದ ಜಗಳ. ಬೇಸಾಯವನ್ನೇ ನೆಚ್ಚಿಕೊಂಡ ಉಷ್ಣವಲಯದ ದೇಶ ಈ ಉದ್ಯಮಕ್ಕೆ ಕೈಹಾಕಬೇಕಾದರೆ ಮೊದಲು ಭವ್ಯವಾದ ಪ್ರಯೋಗಾಲಯ ಕಟ್ಟಬೇಕು, ಆಮೇಲೆ ಹೊರಗಿನ ಕಂಪನಿಗಳಿಗೆ ಕೆಂಪು ಹಾಸು ಹಾಸಬೇಕು ಎಂಬ ನಂಬಿಕೆ ಎಲ್ಲೆಡೆ ಇದೆ. ನನಗೆ ಈ ನಂಬಿಕೆಯ ಬಗ್ಗೆ ತಾಳ್ಮೆ ಉಳಿದಿಲ್ಲ. ಬ್ರೆಜಿಲ್‌ನ ಸೋಯಾ ಹೊಲಗಳಲ್ಲಿ ಈ ಉದ್ಯಮ ಬೇರೂರಿದ್ದು ಬೀಜಕ್ಕೆ ಮೆತ್ತುವ ಕಪ್ಪು ಪುಡಿಯ ಪೊಟ್ಟಣದಿಂದ.

ಆ ಪುಡಿಯಲ್ಲಿರುವುದು ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ಸೋಯಾ ಬೇರಿನಲ್ಲಿ ಗಂಟು ಕಟ್ಟಿಸಿ, ಅದರೊಳಗೆ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವುದು ಅದರ ಕಸುಬು. ಅದರ ಪರವಾಗಿ ಹಟ ಹಿಡಿದವರು ಜೊಹಾನ್ನಾ ಡೋಬರೈನರ್. 1924ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ, 1950ರಲ್ಲಿ ಬ್ರೆಜಿಲ್‌ಗೆ ಬಂದು ನೆಲೆಸಿದ ಈ ಮಣ್ಣುವಿಜ್ಞಾನಿ, 1960ರ ದಶಕದಲ್ಲಿ ಸೋಯಾ ಬೆಳೆ ವಿಸ್ತರಿಸುತ್ತಿದ್ದಾಗ ಸಾರಜನಕ ಗೊಬ್ಬರವನ್ನು ನೆಚ್ಚಬೇಡಿ, ಬ್ಯಾಕ್ಟೀರಿಯಾದ ಜೊತೆ ಚೆನ್ನಾಗಿ ಬಾಳುವ ಸೋಯಾ ತಳಿಗಳನ್ನೇ ಆರಿಸಿ ಎಂದರು. ಆ ಮಾತು ನಡೆಯಿತು. ಸಾರಜನಕ ಗೊಬ್ಬರದ ದೊಡ್ಡ ಖರ್ಚೇ ಇಲ್ಲದೆ ಬ್ರೆಜಿಲ್ ಸೋಯಾ ರಫ್ತಿನಲ್ಲಿ ಮುಂದೆ ಬಂದದ್ದು ಇದರಿಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಬೇರುಗಂಟಿನಷ್ಟು ಚೆಂದದ ಯಂತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಳಿಯಲ್ಲಿ ಶೇಕಡ 78 ಸಾರಜನಕವೇ. ಆದರೆ ಅದರ ಎರಡೆರಡು ಪರಮಾಣುಗಳು ಪಟ್ಟು ಹಾಕಿ ಬಿಗಿದುಕೊಂಡ ಜಟ್ಟಿಗಳಂತೆ ಮೂರು ಬಂಧಗಳಲ್ಲಿ ಹೆಣೆದುಕೊಂಡಿರುತ್ತವೆ. ಅವನ್ನು ಬಿಡಿಸಲು ಗೊಬ್ಬರದ ಕಾರ್ಖಾನೆಗೆ 400 ಡಿಗ್ರಿಗೂ ಮಿಕ್ಕ ಶಾಖ, ನೂರಾರು ಪಟ್ಟು ವಾಯುಭಾರದ ಒತ್ತಡ ಬೇಕು. ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಹೊಲದ ಮಣ್ಣಿನ ಬಿಸಿಯಲ್ಲೇ ಮುಗಿಸುತ್ತದೆ. ಹಾಗೆಂದು ಪುಕ್ಕಟೆಯಲ್ಲ: ಒಂದೊಂದು ಸಾರಜನಕ ಅಣುವಿಗೆ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಕನಿಷ್ಠ 16 ಅಣುಗಳು ಖರ್ಚಾಗುತ್ತವೆ, ಆ ಬಿಲ್ಲನ್ನು ಗಿಡ ಸಕ್ಕರೆಯ ರೂಪದಲ್ಲಿ ಕಟ್ಟುತ್ತದೆ. ಇನ್ನೊಂದು ಇಕ್ಕಟ್ಟೂ ಇದೆ. ಬಂಧ ಬಿಡಿಸುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ಸೋಕಿದರೆ ಕೆಡುತ್ತದೆ. ಬ್ಯಾಕ್ಟೀರಿಯಾಕ್ಕೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಒಲೆ ಆರಬಾರದು, ಮನೆಯೂ ಸುಡಬಾರದು. ಕೆರೆಯ ನೀರನ್ನು ಗದ್ದೆಗದ್ದೆಗೆ ಅಳೆದು ಬಿಡುವ ನೀರುಗಂಟಿಯಂತೆ, ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಇಲ್ಲಿ ಆಮ್ಲಜನಕವನ್ನು ಹಿಡಿದು, ಬೇಕಾದಷ್ಟನ್ನೇ ಒಳಗೆ ಸಾಗಿಸುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ದೂರದ ನಂಟ. ಹಾಗಾಗಿ ಬಣ್ಣವೂ ಕೆಂಪೇ. ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ, ಹಸಿರೋ ಕಂದೋ ಆಗಿದ್ದರೆ ಮುಗಿದಿದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಜರ್ಮನಿಯ ವಿಜ್ಞಾನಿಗಳಾದ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಥ್ ಗಂಟಿನ ಗುಟ್ಟನ್ನು ಸಾರಿದ್ದು 1886ರಲ್ಲಿ. ಎರಡು ವರ್ಷದಲ್ಲಿ ಡಚ್ ವಿಜ್ಞಾನಿ ಬೈಯೆರಿಂಕ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. 1896ರಲ್ಲಿ ಜರ್ಮನಿಯವರೇ ಆದ ನೊಬ್ಬೆ ಮತ್ತು ಹಿಲ್ಟ್ನರ್ ಅದನ್ನು ಬೀಜಕ್ಕೆ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದರು. ಹಾಗಿದ್ದರೆ ಉಷ್ಣವಲಯದಲ್ಲಿ ತೊಡಕೇನು? ಸೋಯಾ ಪೂರ್ವ ಏಷ್ಯಾದ ಗಿಡ, ಅದಕ್ಕೆ ಒಗ್ಗುವ ಬ್ಯಾಕ್ಟೀರಿಯಾ ಬ್ರೆಜಿಲ್‌ನ ಮಣ್ಣಿನಲ್ಲಿ ಇರಲಿಲ್ಲ. ತಂದು ಹಾಕಿದರೂ ಹುಳಿಮಣ್ಣು, ಬಿಸಿಲು, ಗೋದಾಮಿನ ಸೆಕೆ ಸೇರಿ ಕೊಲ್ಲುತ್ತವೆ. ಸತ್ತ ಬ್ಯಾಕ್ಟೀರಿಯಾದ ಪೊಟ್ಟಣಕ್ಕೂ ಜೀವಂತ ಪೊಟ್ಟಣಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಆಗಲೇ ವಿಜ್ಞಾನ ನಂಬಿಕೆಯ ಸರಕಾಗುವುದು. ‘ಹಾಕಿದರೆ ಒಳ್ಳೆಯದಂತೆ’ ಎಂದು ಕೊಂಡವನು ಬೆಳೆ ಬಂದರೆ ಪುಡಿಗೆ ಕೈಮುಗಿಯುತ್ತಾನೆ, ಬಾರದಿದ್ದರೆ ಹಣೆಬರಹ ಎನ್ನುತ್ತಾನೆ.

ಬ್ರೆಜಿಲ್ ಪೊಟ್ಟಣದೊಳಗಿನ ತಲೆ ಎಣಿಸಿತು. ಒಂದು ಗ್ರಾಂ ಅಥವಾ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 100 ಕೋಟಿ ಜೀವಂತ ಕೋಶಗಳಿರಬೇಕು ಎಂಬುದು ಅಲ್ಲಿನ ನಿಯಮ. ಸೋಯಾಕ್ಕೆ ಒಪ್ಪಿಗೆ ಸಿಕ್ಕ ಬ್ಯಾಕ್ಟೀರಿಯಾ ತಳಿಗಳು ನಾಲ್ಕೇ, ಅವು ಸೆಮಿಯಾ ಎಂಬ ಸಾರ್ವಜನಿಕ ಸಂಗ್ರಹದ ಸಂಖ್ಯೆಗಳಿಂದಲೇ ಗುರುತಾಗುತ್ತವೆ. ಜೊತೆಗೆ 1973ರಲ್ಲಿ ಎಂಬ್ರಾಪಾ ಎಂಬ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿತು. ಸೆರ್ರಾಡೋ ಬಯಲಿನ ಹುಳಿಮಣ್ಣಿಗೆ ಸುಣ್ಣ, ಸಮಭಾಜಕದ ಹತ್ತಿರದ ಗಿಡ್ಡ ಹಗಲಿಗೆ ಬೇಗನೆ ಹೂ ಬಿಟ್ಟುಬಿಡದ ತಳಿ, ಎಲ್ಲವೂ ಒಂದರ ಹಿಂದೊಂದು ಬಂದವು.

ವಂಶವಾಹಿಗಳ ಸರದಿ ಆಮೇಲಿನದು. ಕಿತ್ತಳೆ ತೋಟಗಳನ್ನು ಹಾಳುಮಾಡುತ್ತಿದ್ದ ಸೈಲೆಲ್ಲಾ ಫ್ಯಾಸ್ಟಿಡಿಯೋಸಾ ಎಂಬ ರೋಗಾಣುವಿನ ಸುಮಾರು 27 ಲಕ್ಷ ಅಕ್ಷರಗಳ ಜೀನೋಮನ್ನು, ಅಂದರೆ ಅದರ ವಂಶವಾಹಿ ಬರಹವನ್ನೆಲ್ಲ, ಸಾವೊ ಪಾಲೊ ರಾಜ್ಯದ 30ಕ್ಕೂ ಹೆಚ್ಚು ಪ್ರಯೋಗಾಲಯಗಳು ಹಂಚಿಕೊಂಡು ಓದಿದವು. ಅದಕ್ಕಾಗಿ ಹೊಸ ಸಂಸ್ಥೆಯ ಕಟ್ಟಡ ಏಳಲಿಲ್ಲ, ಅಂತರಜಾಲದಲ್ಲಿ ಹೆಣೆದ ಜಾಲವೇ ಸಾಕಾಯಿತು. 2000ದ ಜುಲೈಯಲ್ಲಿ ‘ನೇಚರ್’ ಪತ್ರಿಕೆ ಅದನ್ನು ಮುಖಪುಟಕ್ಕೇರಿಸಿತು. ಸಸ್ಯರೋಗ ತರುವ ಬ್ಯಾಕ್ಟೀರಿಯಾವೊಂದರ ಪೂರ್ಣ ಜೀನೋಮ್ ಜಗತ್ತಿಗೆ ಸಿಕ್ಕಿದ್ದು ಅದೇ ಮೊದಲು. 2002ರಲ್ಲಿ ಆ ತಂಡದ ಕೆಲವರು ಕಂಪನಿ ಕಟ್ಟಿದರು. ರೋಗಾಣುವಿನ ಹೆಸರನ್ನೇ ಹಿಂದುಮುಂದಾಗಿ ಬರೆದು ಅಲೆಲಿಕ್ಸ್ ಎಂದು ಕರೆದರು, ನನಗೆ ತುಂಬ ಹಿಡಿಸಿದ ಚೇಷ್ಟೆ. 2008ರಲ್ಲಿ ಅಮೆರಿಕದ ಬೀಜ ಕಂಪನಿ ಮೊನ್ಸಾಂಟೊ ಅದನ್ನು ಕೊಂಡುಕೊಂಡಿತು. ಸೋಯಾದ ಆ ನಾಲ್ಕು ತಳಿಗಳಿಗೆ ಮಾತ್ರ ಅಂಥ ಗಿರಾಕಿ ಬರುವಂತಿರಲಿಲ್ಲ. ಅವು ಯಾವ ಕಂಪನಿಯ ಸ್ವತ್ತೂ ಆಗಿರಲಿಲ್ಲ.