‘ಡಿಡ್’ ಬಂದಮೇಲೆ ‘ವೆಂಟ್’ ಯಾಕೆ?

ಇಂಗ್ಲಿಷ್ ವ್ಯಾಕರಣ ಕಲಿಸುವ ನನ್ನ ಕೆಂಪು ಪೆನ್ನಿಗೆ ಅತಿ ಹೆಚ್ಚು ಕೆಲಸ ಕೊಡುವ ವಾಕ್ಯ ‘ಐ ಡಿಡ್ ನಾಟ್ ವೆಂಟ್’. ಹೀಗೆ ಬರೆಯುವವರಿಗೆ ಗೋ, ವೆಂಟ್, ಗಾನ್ ಗೊತ್ತಿಲ್ಲವೆಂದಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಪಟ್ಟಿ ಬಾಯಿಪಾಠವಾಗಿದೆ, ಅದರಲ್ಲಿ ಯಾವುದನ್ನು ಎಲ್ಲಿ ಇಡಬೇಕೆಂಬುದೇ ಗೊಂದಲ.

ಆಗ ನಾನು ಕೇಳುವುದು: ಕನ್ನಡದಲ್ಲಿ ‘ನಾನು ಹೋದೆ ಇಲ್ಲ’ ಅಂತೀರಾ? ಎಲ್ಲರೂ ನಗುತ್ತಾರೆ. ‘ಇಲ್ಲ’ ಸೇರಿದ ಕೂಡಲೇ ‘ಹೋದೆ’ ಮಾಯವಾಗಿ ‘ಹೋಗಲಿಲ್ಲ’ ಆಗುತ್ತದೆ. ನಾನಾಗಲಿ, ಅವಳಾಗಲಿ, ಅವರಾಗಲಿ, ರೂಪ ಅದೇ. ‘ಬಂದಿದ್ದಾನೆ, ಬಂದಿದ್ದಾಳೆ, ಬಂದಿದ್ದೆ’ ನೋಡಿ. ‘ಬಂದು’ ಅಲ್ಲಾಡದೆ ನಿಂತಿದೆ; ಕಾಲ, ಲಿಂಗ, ಪುರುಷ ಎಲ್ಲ ಹೊರುವುದು ಜೊತೆಗೆ ಬಂದ ‘ಇರು’. ಸಹಾಯಕ ಕ್ರಿಯಾಪದವೆಂದರೆ ಇದೇ. ನಮ್ಮಲ್ಲಿ ಅದು ಕೊನೆಗೆ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಮುಂದೆ.

ಹಾಗಾಗಿ ಇಂಗ್ಲಿಷಿನ ಕ್ರಿಯಾಪದಗಳ ಸಾಲಿನಲ್ಲಿ ಕಾಲ ತೋರಿಸುವ ಅಧಿಕಾರ ಮೊದಲನೆಯದಕ್ಕೆ ಮಾತ್ರ. ‘ಡಿಡ್’ ಭೂತಕಾಲವನ್ನು ಹೊತ್ತಾಗಿದೆ, ‘ವೆಂಟ್’ ಮತ್ತೆ ಹೊರಬೇಕಿಲ್ಲ, ‘ಗೋ’ ಸಾಕು. ‘ಹಿ ಡಸ್ ನಾಟ್ ಗೋಸ್’ ತಪ್ಪಾಗುವುದೂ ಇದೇ ಕಾರಣಕ್ಕೆ. ಕ್ಯಾನ್, ವಿಲ್, ಮಸ್ಟ್ ಮುಂತಾದವುಗಳ ನಂತರವೂ ಮೂಲರೂಪವೇ. ‘ಹ್ಯಾವ್’ ಬಂದರೆ ಮೂರನೆಯ ರೂಪ ಬೇಕು, ಆದ್ದರಿಂದ ‘ಹ್ಯಾಸ್ ಗಾನ್’. ‘ಹ್ಯಾಸ್ ವೆಂಟ್’ ಅಲ್ಲ. ‘ಬಿ’ (ಈಸ್, ವಾಸ್ ಮುಂತಾದವು) ಬಂದರೆ ಐಎನ್‌ಜಿ ರೂಪ, ಕರ್ಮಣಿ ಪ್ರಯೋಗದಲ್ಲಾದರೆ ಮೂರನೆಯ ರೂಪ. ಎರಡನೆಯ ರೂಪಕ್ಕೆ ಸಹಾಯಕರು ಆಗಿಬರುವುದಿಲ್ಲ. ಅದು ಒಂಟಿಯಾಗಿದ್ದಾಗಲೇ ಸರಿ.

ಡು, ಬಿ, ಹ್ಯಾವ್ ಮೂರಕ್ಕೂ ಎರಡೆರಡು ಪಾತ್ರ. ‘ಡಿಡ್ ಹಿ ಡು ಇಟ್?’ ಎಂಬಲ್ಲಿ ಮೊದಲನೆಯದು ಸಹಾಯಕ, ಎರಡನೆಯದು ನಿಜವಾದ ಕೆಲಸ. ‘ಹ್ಯಾಡ್ ಹ್ಯಾಡ್’ ಅಚ್ಚಿನ ದೋಷವೆಂದು ಒಂದನ್ನು ಹೊಡೆದುಹಾಕಿದವರನ್ನೂ ಕಂಡಿದ್ದೇನೆ.

ಇನ್ನು ಭೂತಕಾಲಕ್ಕೆ ಕೊನೆಯಲ್ಲಿ ‘ಇಡಿ’ (ed) ಹಚ್ಚಿದರೆ ಮುಗಿಯುವ ಕಡೆ ಗೋ–ವೆಂಟ್‌ನಂಥ ಅನಿಯಮಿತ ಕ್ರಿಯಾಪದಗಳು ಯಾಕೆ ಬೇಕಿತ್ತು ಎಂಬ ಸಿಟ್ಟು. ಇಲ್ಲೂ ನಮಗೆ ದೂರುವ ಹಕ್ಕು ಕಡಿಮೆ. ನೋಡು–ನೋಡಿದ ಎನ್ನುವ ನಾವೇ ಬರು–ಬಂದ, ಕೊಡು–ಕೊಟ್ಟ, ನಿಲ್ಲು–ನಿಂತ, ಏಳು–ಎದ್ದ ಎನ್ನುತ್ತೇವೆ. ಎರಡೂ ಭಾಷೆಗಳಲ್ಲಿ ವಕ್ರವಾಗಿರುವವು ಹೆಚ್ಚಾಗಿ ದಿನಬಳಕೆಯವೇ: ಗೋ, ಕಮ್, ಸೇ, ಗಿವ್, ಟೇಕ್. ಬಾಯಲ್ಲಿ ಸದಾ ಇರುವ ರೂಪ ಮರೆತುಹೋಗದು. ಅಪರೂಪದ್ದು ಮರೆತು, ಜನ ಅದಕ್ಕೆ ‘ಇಡಿ’ ಹಚ್ಚಿಬಿಡುತ್ತಾರೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದಾಗ, ಇಂದಿಗೂ ಹಾಗೆಯೇ ಉಳಿದವು 98. ‘ಹೆಲ್ಪ್’ ಕೂಡ ಒಮ್ಮೆ ‘ಹೋಲ್ಪ್’ ಆಗುತ್ತಿತ್ತು. ‘ವೆಂಟ್’ ಅಂತೂ ‘ಗೋ’ದ ಸ್ವಂತ ಮಗುವೇ ಅಲ್ಲ, ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದಿಂದ ದತ್ತು ಬಂದದ್ದು.

ಪಟ್ಟಿಯನ್ನು ಅಕಾರಾದಿಯಾಗಿ ಉರುಹೊಡೆಸುವುದು ನನಗೆ ಒಗ್ಗದು. ಸಿಂಗ್–ಸ್ಯಾಂಗ್–ಸಂಗ್ ಜೊತೆಗೆ ಡ್ರಿಂಕ್, ರಿಂಗ್ ಸೇರಿಸಿ ನಾದದ ಗುಂಪು ಮಾಡಿಸುತ್ತೇನೆ. ಪುಟ್, ಕಟ್, ಹಿಟ್ ಮೂರು ರೂಪಗಳಲ್ಲೂ ಬದಲಾಗದೆ ಸೋಮಾರಿಗಳಿಗೆ ಪ್ರಿಯವಾಗಿವೆ. ಅಲ್ಲೂ ಒಂದು ಬಲೆ ಇದೆ: ‘ಹಿ ಪುಟ್ಸ್’ ವರ್ತಮಾನ, ‘ಹಿ ಪುಟ್’ ಭೂತ. ಇಲ್ಲದ ಆ ಒಂದು ‘ಎಸ್’ ಅಷ್ಟೇ ಅಲ್ಲಿ ಕಾಲ ಹೇಳುವುದು.